ಮೂಲದ ಮನೆಯನ್ನು ಹುಡುಕುವ ಬಗೆ



ನಿನ್ನೆ ಸಂಜೆಯ ಪ್ರವಚನ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದ ಮೇಲೆ ಕಾಲೇಜು ಓದುವ ಒಬ್ಬ ಹುಡುಗ ನಮ್ಮ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದ. “ಅಜ್ಜಾರ, ಶರಣರು ಕುಲಾ ಕೇಳಬ್ಯಾಡ್ರಿ ಅಂದಾರ. ನಮ್ಮ ಕಾಕಾ ನೋಡಿದರ ಮನಿತನದ ವಂಶಾವಳಿ ಬರೀತೇನಿ ಅಂತ ಊರೂರು ತಿರಗ್ಯಾಡಾಕ ಹತ್ಯಾನ. ಇದು ಶರಣರ ಮಾತಿಗೆ ವಿರುದ್ಧ ಅಲ್ಲೇನ್ರಿ?” ಎಂದ. ಒಳ್ಳೆಯ ಪ್ರಶ್ನೆ. ಪ್ರಸಾದದ ಹೊತ್ತಿನಲ್ಲಿ ನಿಂತು ಉತ್ತರ ಹೇಳುವಂಥದಲ್ಲವಾದ್ದರಿಂದ ‘ನಾಳೆ ಬಾ’ ಎಂದೆವು. ಬಂದು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾನೆ. ಆದಕಾರಣ ಇಂದು ಸ್ಥಲಗಳ ವಿವೇಚನೆಯನ್ನು ಬದಿಗಿರಿಸಿ ಈ ವಿಷಯವನ್ನೇ ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇವೆ. ನಾಲ್ಕು ಮಾತು ಎಂದು ಹೇಳಿ ನಲವತ್ತು ಆಡುವುದು ನಮ್ಮ ಅಭ್ಯಾಸವೆಂಬುದು ನಿಮಗೆ ಗೊತ್ತೇ ಇದೆ.

ಬೇರೆಯವನ ಕುಲವನ್ನು ಕೇಳುವುದು ಬೇರೆ, ತನ್ನ ಮನೆತನವನ್ನು ತಾನು ಕೇಳಿಕೊಳ್ಳುವುದು ಬೇರೆ. ಬಾಗಿಲಿಗೆ ಬಂದವನನ್ನು ‘ನೀನು ಯಾರ ಮಗ’ ಎಂದು ಕೇಳುವವನು, ಉತ್ತರ ಬಂದ ಮೇಲೆ ಅವನನ್ನು ಜಗಲಿಯ ಮೇಲೆ ಕೂಡಿಸಬೇಕೋ ಕೆಳಗೆ ಕೂಡಿಸಬೇಕೋ ಎಂದು ಲೆಕ್ಕ ಹಾಕುತ್ತಿರುತ್ತಾನೆ. ಶರಣರು ಬೇಡವೆಂದದ್ದು ಆ ಲೆಕ್ಕವನ್ನು. ತನ್ನ ಹಿರಿಯರನ್ನು ಹುಡುಕಿಕೊಂಡು ಹೋಗುವವನು ಎರಡು ಕಾರಣಕ್ಕೆ ಹೋಗಬಹುದು. ನಮ್ಮ ಮುತ್ತ್ಯಾ ದೇಸಗತಿಯವರ ಹತ್ತಿರ ಕಾರಭಾರಿಯಾಗಿದ್ದ ಎಂದು ಹೇಳಿಕೊಳ್ಳುವುದಕ್ಕೆ ಹೋಗಬಹುದು. ಅಥವಾ, ನಾವು ಯಾರಿಂದ ಏನು ಪಡೆದೆವು, ಯಾರಿಗೆ ಏನು ಕೊಡುವುದು ಉಳಿದಿದೆ ಎಂದು ತಿಳಿಯುವುದಕ್ಕೆ ಹೋಗಬಹುದು. ಮೊದಲನೆಯದಕ್ಕೆ ಹೊರಟವನು ದಾರಿಯ ಖರ್ಚು ಉಳಿಸುವುದು ಲೇಸು. ಎರಡನೆಯದಕ್ಕೆ ಹೊರಟವನಿಗೆ ಮಠದ ಬಾಗಿಲು ತೆರೆದಿದೆ, ನಮ್ಮ ಹಳೆಯ ವಹಿಗಳೂ ತೆರೆದಿವೆ.

ಋಷಿಮೂಲ, ನದೀಮೂಲ ಕೇಳಬಾರದು ಎಂಬ ಗಾದೆಯಿದೆ. ನಮ್ಮ ಸೀಮೆಯಲ್ಲಿ ಈ ಗಾದೆ ಸ್ವಲ್ಪ ತಿರುವುಮುರುವಾಗಿದೆ. ನದಿಯ ಮೂಲ ಎಲ್ಲರಿಗೂ ಗೊತ್ತು. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತಾಳೆಂದು ಶಾಲೆಯ ಮಗು ಕೂಡ ಹೇಳುತ್ತದೆ. ನಮ್ಮ ಮನೆಗಳ ಮೂಲವೇ ನದಿಯ ಹೊಟ್ಟೆಯೊಳಗೆ ಸೇರಿದೆ. ಆಲಮಟ್ಟಿಯ ಅಣೆಕಟ್ಟಿಗೆ 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಹಾಕಿದರು. ಅವರಾಗ ಇನ್ನೂ ಪ್ರಧಾನಿಯಾಗಿರಲಿಲ್ಲ. ಅಡಿಗಲ್ಲಿನಿಂದ ನೀರು ನಿಲ್ಲುವವರೆಗೆ ಒಂದು ತಲೆಮಾರು ಕಳೆಯಿತು. ಇಂದು ನೀರು 519.6 ಮೀಟರಿನ ಮಟ್ಟಕ್ಕೆ ನಿಲ್ಲುತ್ತದೆ. ಕೃಷ್ಣೆ ಮಾತ್ರವಲ್ಲ, ಘಟಪ್ರಭೆಯೂ ಹಿಂದಕ್ಕೆ ಸರಿದು ದಂಡೆಯ ಊರುಗಳನ್ನು ತುಂಬಿಕೊಂಡಳು. ನೀರು ಬಂದದ್ದರಿಂದ ಎಷ್ಟೋ ಒಣಭೂಮಿ ಹಸಿರಾಯಿತು, ಅದನ್ನು ಅಲ್ಲಗಳೆಯಲಾಗದು. ಉಂಡ ಅನ್ನವನ್ನು ನಿಂದಿಸುವುದು ನಮ್ಮ ಧರ್ಮವಲ್ಲ. ಆದರೆ ಮುಳುಗಿದವರ ಮನೆಯೂ ಅಷ್ಟೇ ನಿಜ.

ಬಾಗಲಕೋಟೆಯನ್ನೇ ನೋಡಿರಿ. ಹಳೆಯ ಊರಿನಲ್ಲಿ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಪೇಟೆಗಳಿದ್ದವು. ಹೋಳಿಹುಣ್ಣಿಮೆ ಬಂತೆಂದರೆ ಹಲಗಿಯ ನಾದದಲ್ಲಿ ಒಂದು ಪೇಟೆ ಇನ್ನೊಂದನ್ನು ಮೀರಿಸಬೇಕು. ನಿನ್ನ ಪೇಟೆ ಯಾವುದು ಎಂದರೆ ನಿನ್ನ ಗೆಳೆಯರು ಯಾರು, ನಿನ್ನ ಜಗಳ ಯಾರೊಡನೆ ಎಂಬುದೆಲ್ಲ ಒಂದೇ ಮಾತಿನಲ್ಲಿ ತಿಳಿಯುತ್ತಿತ್ತು. ಹಳೆಯ ಊರಿನ ಒಂದು ಭಾಗ ಈಗಲೂ ಇದೆ. ಉಳಿದವರು ನವನಗರಕ್ಕೆ ಬಂದರು. ನವನಗರದಲ್ಲಿ ಸೆಕ್ಟರುಗಳಿವೆ. ಅಗಲವಾದ ರಸ್ತೆ, ಗಾಳಿ, ಬೆಳಕು ಎಲ್ಲವೂ ಇದೆ. ಸೆಕ್ಟರಿಗೆ ಅಂಕಿಯಿದೆ, ಆದರೆ ಅಂಕಿಯ ಮೇಲೆ ಯಾರೂ ಹಲಗಿ ಬಾರಿಸಲಾರರು.

ಇಂಥ ಊರುಗಳಿಂದ ಸೋಲಾಪುರ, ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಹೋದವರ ಮಕ್ಕಳು, ಮೊಮ್ಮಕ್ಕಳು ಈಗ ತಿರುಗಿ ಬರುತ್ತಿದ್ದಾರೆ. ‘ನಮ್ಮ ಓಣಿ ಯಾವುದು, ನಮ್ಮ ಮನೆ ಎಲ್ಲಿತ್ತು’ ಎಂದು ಕೇಳುತ್ತಾರೆ. ಅವರಿಗೆ ನಾವು ಮೊದಲು ಹೇಳುವುದು: ನಿಮ್ಮ ಅಡ್ಡಹೆಸರನ್ನು ಬಿಡಿಸಿ ನೋಡಿಕೊಳ್ಳಿರಿ. ನಮ್ಮ ಕಡೆಯ ಅಡ್ಡಹೆಸರುಗಳಲ್ಲಿ ಕಸುಬು ಇದೆ, ಊರು ಇದೆ, ಉಳ್ಳಾಗಡ್ಡಿ ಮೆಣಸಿನಕಾಯಿಗಳೂ ಇವೆ. ಕೆಲವು ಹೆಸರುಗಳಲ್ಲಿ ಮನೆಯ ವಿಳಾಸವೇ ಇದೆ. ಮೂಲಿಮನಿ ಎಂದರೆ ಓಣಿಯ ಮೂಲೆಯ ಮನೆ. ಅಗಸಿಮನಿ ಎಂದರೆ ಊರ ಅಗಸಿಯ ಪಕ್ಕದ ಮನೆ. ಕಟ್ಟಿಮನಿ, ಹಾದಿಮನಿ, ಹಿತ್ತಲಮನಿ, ಬಾವಿಕಟ್ಟಿ, ಮ್ಯಾಗೇರಿ, ಕೆಳಗೇರಿ. ಅಗಸಿ ಬಿದ್ದುಹೋಗಿರಬಹುದು, ಬಾವಿಯ ಮೇಲೆ ನಾಲ್ಕಾಳು ನೀರು ನಿಂತಿರಬಹುದು. ಆದರೂ ಪುಣೆಯ ಒಂದು ಆಫೀಸಿನಲ್ಲಿ ಕುಳಿತ ತರುಣನು ಪ್ರತಿದಿನ ತನ್ನ ಸಹಿಯಲ್ಲಿ ‘ನಮ್ಮ ಮನೆ ಮೂಲೆಯಲ್ಲಿತ್ತು’ ಎಂದು ಬರೆಯುತ್ತಲೇ ಇದ್ದಾನೆ. ತಾನು ಏನು ಬರೆಯುತ್ತಿದ್ದೇನೆಂದು ಅವನಿಗೆ ಗೊತ್ತಿಲ್ಲ, ಅಷ್ಟೇ.

ಎರಡನೆಯದಾಗಿ ಹೆಳವರು. ಈ ಊರಿನ ಹಿರಿಯರಿಗೆ ಅವರನ್ನು ಪರಿಚಯಿಸುವ ಅಗತ್ಯವಿಲ್ಲ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಂದು, ಅಂಗಳದಲ್ಲಿ ನಿಂತು ನಿಮ್ಮ ಏಳು ತಲೆಮಾರಿನ ಹೆಸರುಗಳನ್ನು ಉಸಿರು ಬಿಡದೆ ಹೇಳುವವರು. ಮನೆಯವರು ಕಾಳು ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ, ಉಳ್ಳವರಾದರೆ ಆಕಳು ಕೊಟ್ಟದ್ದೂ ಉಂಟು. ಹೊಸದಾಗಿ ಹುಟ್ಟಿದವರ ಹೆಸರನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಹೆಳವನೆಂದರೆ ಕುಂಟನೆಂದು ಅರ್ಥ. ಬಹಳ ಮಂದಿ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಕಾಲಿರಲಿಲ್ಲ; ಉಳಿದವರು ಅವನಿಗೆ ಒಂದು ಎತ್ತು ಕೊಟ್ಟು, ನಮ್ಮ ವಂಶವನ್ನು ಕೊಂಡಾಡಿ ಬದುಕಿಕೋ ಎಂದರು ಎಂಬ ಐತಿಹ್ಯವಿದೆ. ಹೊಲದಲ್ಲಿ ಪಾಲು ಬಾರದವನೇ ಎಲ್ಲರ ವಂಶವನ್ನು ಕಾಪಾಡುವವನಾದ! ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ, ಮುಂದೆ ಬರುತ್ತದೆ.

ಮೂರನೆಯದು ಕಾಗದಪತ್ರ. ಇದರಲ್ಲಿ ಹುಡುಗರು ನಮಗಿಂತ ಜಾಣರು. ಒಂದು ಸೂಚನೆ ಮಾತ್ರ. ಹಳೆಯ ಕಾಗದದಲ್ಲಿ ಬಾಗಲಕೋಟೆ ಜಿಲ್ಲೆ ಎಂದು ಹುಡುಕಿದರೆ ಸಿಗದು. ಈ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಮೊದಲು ಬಿಜಾಪುರ ಜಿಲ್ಲೆ. ಅದಕ್ಕೂ ಹಿಂದೆ, 1885ಕ್ಕಿಂತ ಮುಂಚೆ, ಕಲಾದಗಿ ಜಿಲ್ಲೆ. ಇನ್ನೂ ಹಿಂದಕ್ಕೆ ಹೋದಂತೆ ಅಕ್ಷರವೂ ಬದಲಾಗಿ ಮೋಡಿ ಲಿಪಿಯ ಮರಾಠಿ ಎದುರಾಗುತ್ತದೆ. ಮೋಡಿ ಓದಬಲ್ಲವರು ಊರಿಗೊಬ್ಬರೂ ಉಳಿದಿಲ್ಲ. ಯಾರಾದರೂ ಇದ್ದರೆ ಅವರ ಹತ್ತಿರ ಹೋಗಿ ಕಲಿಯಿರಿ. ನಾವು ಕಲಿಯುತ್ತೇವೆಂದು ಹೇಳಿ ಹೇಳಿ ಕಲಿಯದೆ ಉಳಿದೆವು.

ಇನ್ನು ಕಥೆಗೆ ಬರೋಣ. ಕಥೆಯಲ್ಲ, ನಡೆದದ್ದು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಹೆಸರು, ಊರು ಮಾತ್ರ ಹೇಳುವುದಿಲ್ಲ.

ಎರಡು ವರ್ಷದ ಹಿಂದೆ ಸೋಲಾಪುರದಿಂದ ಒಬ್ಬ ಹಿರಿಯರು ತಮ್ಮ ಮಗನೊಡನೆ ಮಠಕ್ಕೆ ಬಂದರು. ಹಿರಿಯರಿಗೆ ಎಪ್ಪತ್ತು ದಾಟಿದೆ. ಮಗನಿಗೆ ಮೂವತ್ತು ಇರಬಹುದು, ಕಂಪ್ಯೂಟರಿನ ಕೆಲಸ. ಘಟಪ್ರಭೆಯ ದಂಡೆಯ ಒಂದು ಹಳ್ಳಿ ಅವರ ಮೂಲ. ಅಜ್ಜ ಐವತ್ತರ ದಶಕದಲ್ಲಿ ಸೋಲಾಪುರದ ಗಿರಣಿಗೆ ದುಡಿಯಲು ಹೋದವರು. ಹಳ್ಳಿ ಮುಳುಗಿದೆ, ಜನ ಪುನರ್ವಸತಿ ಕೇಂದ್ರದಲ್ಲಿದ್ದಾರೆ. ಮಗನು ಎಲ್ಲವನ್ನೂ ತಯಾರಿ ಮಾಡಿಕೊಂಡು ಬಂದಿದ್ದ. ಹೆಳವನು ಹೇಳಿದ ವಂಶಾವಳಿಯನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದ. ಮನೆಯ ಉತಾರ ತೆಗೆಸಿದ್ದ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಊರಿನ ಪಾಯಗಳು ಕಾಣುತ್ತವೆಂದು ಕೇಳಿ, ಮೇ ತಿಂಗಳಲ್ಲಿ ಹೋಗಿ ಅಜ್ಜನ ಮನೆಯ ಜಾಗದಲ್ಲಿ ಒಂದು ದೀಪ ಹಚ್ಚಬೇಕೆಂದು ಸಂಕಲ್ಪ ಮಾಡಿದ್ದ. “ಅಜ್ಜಾರ, ನಿಮ್ಮ ಮಠದ ವಹಿಯೊಳಗ ನಮ್ಮ ಮನಿತನದ ಹೆಸರು ಏನರ ಐತೇನು ನೋಡ್ತೀರೇನ್ರಿ?” ಎಂದು ಕೇಳಿದ.

ನಮ್ಮಲ್ಲಿ ಜಾತ್ರೆಯ ಕಾಣಿಕೆಯ ವಹಿಗಳಿವೆ. ಯಾವ ಊರು, ಯಾವ ಓಣಿ, ಯಾರು, ಏನು ಕೊಟ್ಟರು ಎಂದು ಹಿಂದಿನವರು ಒಂದೊಂದನ್ನೂ ಬರೆದಿಟ್ಟಿದ್ದಾರೆ. ತರಿಸಿದೆವು. ಹುಡುಗನೇ ಹಾಳೆ ತಿರುವಿದ. 1961ರ ಜಾತ್ರೆಯ ಹಾಳೆಯಲ್ಲಿ ಅವನ ಅಡ್ಡಹೆಸರು ಸಿಕ್ಕಿತು. ಆದರೆ ಹೆಸರು ಹೆಣ್ಣುಮಗಳದು. ಇಂಥವರ ಮಗಳು, ದೀಪದ ಎಣ್ಣೆ 1 ಸೇರು ಎಂದಿತ್ತು. ಇಂಥವರು ಎಂದರೆ ಅವನ ಅಜ್ಜ. ಹುಡುಗ ತಂದೆಯ ಮುಖ ನೋಡಿ, “ಅಪ್ಪಾ, ಅಜ್ಜಗ ನೀವೊಬ್ಬರ ಅಲ್ಲೇನು? ಇವರ್ಯಾರು?” ಎಂದ.

ತಂದೆ ಮಾತನಾಡಲಿಲ್ಲ. ಸದ್ಭಕ್ತರೇ, ಆ ಕ್ಷಣ ನಮ್ಮ ಮನಸ್ಸಿನಲ್ಲಿ ಏನು ಬಂತೆಂದು ಮುಚ್ಚಿಡದೆ ಹೇಳುತ್ತೇವೆ. ಹಾಳೆ ತಿರುವಿ ಮುಂದೆ ಹೋದರೆ ಒಳ್ಳೆಯದು ಎನಿಸಿತು. ಹಿರಿಯರು ಮಠಕ್ಕೆ ಬಂದಿದ್ದಾರೆ, ಮಗನೆದುರಿಗೆ ಅವರ ತಲೆ ತಗ್ಗುವುದು ಬೇಡ ಎನಿಸಿತು. ‘ಪ್ರಸಾದಕ್ಕೆ ಏಳಿರಿ’ ಎಂದೂ ಹೇಳಿದೆವು. ಆದರೆ ಹುಡುಗ ಆ ಹೆಸರಿನ ಮೇಲೆ ಇಟ್ಟ ಬೆರಳನ್ನು ತೆಗೆಯಲೇ ಇಲ್ಲ.

ಸಂಗತಿ ಹೀಗಿತ್ತು. ಅಜ್ಜ ಸೋಲಾಪುರಕ್ಕೆ ಹೋಗುವಾಗ ಹೆಂಡತಿಯನ್ನೂ ಎರಡು ವರ್ಷದ ಗಂಡುಮಗುವನ್ನೂ ಕರೆದುಕೊಂಡು ಹೋದರು. ಎಂಟು ವರ್ಷದ ಮಗಳನ್ನು ಊರಲ್ಲಿ ಮುದುಕಿಯ ಹತ್ತಿರ ಬಿಟ್ಟರು; ಮುದುಕಿಗೆ ನೀರು ನಿಡಿ ಕೊಡುವವರು ಬೇಕಲ್ಲವೇ? ಆ ಹುಡುಗಿ ಆ ಮನೆಯಲ್ಲಿಯೇ ಬೆಳೆದಳು. ಮದುವೆಯೂ ಅದೇ ಊರಿನಲ್ಲಿ, ಎರಡು ಓಣಿಯ ಆಚೆಗೆ ಆಯಿತು. ಮುದುಕಿ ತೀರಿದ ಮೇಲೆಯೂ ತವರಮನೆಯ ಬೀಗದ ಕೈ ಅವಳ ಸೊಂಟದಲ್ಲಿಯೇ ಇತ್ತು. ಸಾರಿಸುವವಳು ಅವಳು, ದೀಪ ಹಚ್ಚುವವಳು ಅವಳು. ತೊಂಬತ್ತರ ದಶಕದಲ್ಲಿ ಮನೆಗಳಿಗೆ ಪರಿಹಾರದ ಹಣ ಬಂದಿತು. ಸೋಲಾಪುರದಿಂದ ತಮ್ಮ ಬಂದ. ವಂಶವೃಕ್ಷದ ಕಾಗದ ಬರೆಯಿಸಿದ. ತಂದೆಯ ಹೆಸರು, ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ತನ್ನ ಹೆಸರು. ಅಷ್ಟೇ. ಹಣ ಪಡೆದು ಹೋದ. ಮೊತ್ತ ದೊಡ್ಡದಲ್ಲ. ಅಕ್ಕ ಜಗಳ ಮಾಡಲಿಲ್ಲ. ಆದರೆ ಮಾತು ನಿಂತಿತು. ಆಗ ಕೂಸಾಗಿದ್ದ ಮಗನಿಗೆ ಸೋದರತ್ತೆ ಇದ್ದಾಳೆಂಬುದೇ ತಿಳಿಯದಂತಾಯಿತು.

ಹುಡುಗನ ಮೊಬೈಲಿನಲ್ಲಿದ್ದ ಏಳು ತಲೆಮಾರಿನಲ್ಲಿಯೂ ಹೀಗೆಯೇ ಗಂಡು ಹೆಸರುಗಳೇ. ಅದನ್ನು ನಾವೆಲ್ಲ ವಂಶ ಎನ್ನುತ್ತೇವೆ. ಸಂಸ್ಕೃತದಲ್ಲಿ ವಂಶ ಎಂಬ ಶಬ್ದಕ್ಕೆ ಬಿದಿರು ಎಂದೂ ಅರ್ಥವಿದೆ. ಗಿಣ್ಣಿನಿಂದ ಗಿಣ್ಣಿಗೆ ಮೇಲೇರುವುದರಿಂದ ಆ ಹೋಲಿಕೆ ಬಂದಿತೆಂದು ನಮಗೆ ಪಾಠಶಾಲೆಯಲ್ಲಿ ಹೇಳಿದ್ದರು. ಚಿಕ್ಕವರಿದ್ದಾಗ ನಾವು ಬಿದಿರನ್ನು ಕಂಡದ್ದು ಕೋಲಾಗಿ ಮಾತ್ರ. ಬಯಲುಸೀಮೆಯವರಿಗೆ ಬಿದಿರ ಮೆಳೆ ಎಲ್ಲಿ ಕಾಣಬೇಕು? ಮುಂದೆ ಮಲೆನಾಡಿಗೆ ಹೋದಾಗ ನೋಡಿದೆವು: ಬಿದಿರು ಒಂಟಿ ಕೋಲಾಗಿ ಬೆಳೆಯುವುದೇ ಇಲ್ಲ. ನೆಲದ ಕೆಳಗೆ ಒಂದೇ ಗೆಡ್ಡೆ, ಮೇಲೆ ಅದರ ಸುತ್ತ ನಲವತ್ತು ಐವತ್ತು. ಒಂದಕ್ಕೊಂದು ಆತುಕೊಂಡು ಗಾಳಿಗೆ ನಿಲ್ಲುತ್ತವೆ. ಕಡಿದು ಊರಿಗೆ ತಂದ ಮೇಲೆಯೇ ಅದು ಕೋಲು. ನಮ್ಮ ವಂಶಾವಳಿಗಳು ಕಡಿದು ತಂದ ಕೋಲುಗಳು. ಮೆಳೆಯನ್ನು ನೋಡಬೇಕಾದರೆ ಓಣಿಗೆ ಹೋಗಬೇಕು, ಅಕ್ಕತಂಗಿಯರ ಮನೆಗೆ ಹೋಗಬೇಕು, ನೆರೆಮನೆಯವರನ್ನು ಕೇಳಬೇಕು.

ಹೆಣ್ಣುಮಗಳ ಪಾಲಿನ ಮಾತು ಈಗಿನ ಕಾಲದವರು ತಂದದ್ದು ಎಂದು ಕೆಲವು ಹಿರಿಯರು ಮೂಗು ಮುರಿಯುತ್ತಾರೆ. ಯಾಸ್ಕರು ನಿರುಕ್ತದ ಮೂರನೆಯ ಅಧ್ಯಾಯದಲ್ಲಿ ದುಹಿತೃ ಶಬ್ದವನ್ನು ಬಿಡಿಸುವಾಗ, ದೂರದಲ್ಲಿದ್ದು ಹಿತವಾಗುವವಳು ಎಂದೊಂದು ಅರ್ಥ, ಹಾಲು ಕರೆಯುವವಳು ಎಂದೊಂದು ಅರ್ಥ ಹೇಳುತ್ತಾರೆ. ಅಲ್ಲಿಯೇ, ಮಗನಂತೆ ಮಗಳೂ ದಾಯಕ್ಕೆ ಅರ್ಹಳು ಎನ್ನುವವರ ಪಕ್ಷವನ್ನೂ ಅಲ್ಲವೆನ್ನುವವರ ಪಕ್ಷವನ್ನೂ ಎತ್ತಿ ಚರ್ಚಿಸುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಇದು ವಾದದಲ್ಲಿತ್ತು, ತೀರಿದ ಮಾತಾಗಿರಲಿಲ್ಲ. ಇನ್ನು ಕಾನೂನು. ನಮ್ಮ ರಾಜ್ಯ 1994ರಲ್ಲಿಯೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು, 2005ರಲ್ಲಿ ದೇಶಕ್ಕೆಲ್ಲ ಅದು ಬಂದಿತು. ಅದರ ಸೂಕ್ಷ್ಮವನ್ನು ವಕೀಲರು ಹೇಳಲಿ. ನಾವು ಹೇಳುವುದು ಶರಣರ ಮನೆಯ ಮಾತು. ಬಾಲಕ ಬಸವಣ್ಣನವರು ತಮಗೆ ಉಪನಯನ ಮಾಡಲು ಬಂದಾಗ, ಅಕ್ಕನಿಗೆ ಇಲ್ಲದ್ದು ತನಗೇಕೆ ಎಂದರೆಂದು ಪರಂಪರೆ ಹೇಳುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ: ಚನ್ನಬಸವಣ್ಣನವರು ಯಾರು? ಅಕ್ಕನಾಗಮ್ಮನವರ ಮಗ, ಬಸವಣ್ಣನವರ ಸೋದರಳಿಯ. ಅವರನ್ನು ನಾವು ಗುರುತಿಸುವುದೇ ತಾಯಿಯಿಂದ, ಸೋದರಮಾವನಿಂದ. ಇಂದು ಯಾವುದೋ ಕಚೇರಿಗೆ ಹೋಗಿ ಬಸವಣ್ಣನವರ ವಂಶವೃಕ್ಷ ಬರೆಯಿಸಿದರೆ ಚನ್ನಬಸವಣ್ಣನವರು ಅದರಲ್ಲಿ ಬರುವುದು ಕಷ್ಟ!

ಆ ದಿನ ತಂದೆ ಮಠದಿಂದಲೇ ಸೋಲಾಪುರಕ್ಕೆ ಹಿಂದಿರುಗಿದರು. ಮಗ ಮಾತ್ರ ಪುನರ್ವಸತಿ ಕೇಂದ್ರಕ್ಕೆ ಹೋದ. ಅತ್ತೆಯ ಮನೆ ಹುಡುಕುವುದಕ್ಕೆ ಅರ್ಧ ದಿನ ಬೇಕಾಯಿತಂತೆ, ಏಕೆಂದರೆ ಹಳೆಯ ಓಣಿಯ ನೆರೆಮನೆಗಳು ಹೊಸ ಊರಿನಲ್ಲಿ ನೆರೆಮನೆಗಳಾಗಿ ಉಳಿದಿಲ್ಲ. ಸಿಕ್ಕಿತು. ಎಂಬತ್ತರ ಹತ್ತಿರದ ಮುದುಕಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ತಾನು ಯಾರೆಂದು ಹೇಳಿದ. ಅವರು ಅಳಲಿಲ್ಲ, ಬೈಯಲಿಲ್ಲ. “ಅಂವ ಬಂದಾನೇನು?” ಎಂದು ಕೇಳಿದರು. ಇಲ್ಲವೆಂದ. “ಬಿಸಿಲಾಗ ಬಂದೀಯಪ್ಪ, ಮಜ್ಜಿಗಿ ಕುಡಿ” ಎಂದರು. ಮನೆಯ ಜಾಗ ತೋರಿಸುವಿರಾ ಎಂದದ್ದಕ್ಕೆ, “ಅಂವ ಬಂದರ ತೋರಸ್ತೀನಿ” ಎಂದಿಷ್ಟೇ ಉತ್ತರ.

ಹುಡುಗ ಛಲಗಾರ. ಉತಾರ, ನಕ್ಷೆ ಹಿಡಿದುಕೊಂಡು ತಾನೊಬ್ಬನೇ ನೀರಿನ ದಂಡೆಗೆ ಹೋದ. ಏನು ಕಾಣಬೇಕು? ಮನೆಗಳನ್ನು ಬಿಡುವಾಗ ಜನ ತೊಲೆ, ಬಾಗಿಲು, ಒಳ್ಳೆಯ ಕಲ್ಲು ಎಲ್ಲವನ್ನೂ ಬಿಚ್ಚಿಕೊಂಡು ಹೋಗಿರುತ್ತಾರೆ. ಉಳಿದದ್ದು ಸಾಲು ಸಾಲು ಪಾಯದ ಕಲ್ಲು, ಮೇಲೆ ಮೊಣಕಾಲುದ್ದ ಹೂಳು. ಎಲ್ಲ ಮನೆಯೂ ಒಂದೇ. ಉತಾರದ ನಂಬರನ್ನು ಕಲ್ಲಿನ ಮೇಲೆ ಯಾರೂ ಕೊರೆದಿರುವುದಿಲ್ಲ. ಬರಿಗೈಯಲ್ಲಿ ಹಿಂದಿರುಗಿ ನಮಗೆ ಫೋನು ಮಾಡಿದ.

ಮುಂದಿನ ವರ್ಷದ ಬೇಸಿಗೆಗೆ ತಂದೆ ಬಂದರು. ನಡುವಿನ ಒಂದು ವರ್ಷ ತಂದೆಮಗನ ನಡುವೆ ಏನೇನು ಮಾತಾಯಿತೋ ನಾವು ಕೇಳಲಿಲ್ಲ. ಅವರು ಮಠಕ್ಕೆ ಬಂದು, “ಅಜ್ಜಾರ, ನೀವೂ ಜೋಡಿಗಿ ಬರ್ರಿ, ನನಗ ಒಬ್ಬಗ ಆಕಿ ಬಾಗಲಾ ತುಳಿಯೂ ಧೈರ್ಯ ಇಲ್ಲ” ಎಂದರು. ಹೋದೆವು. ಅಕ್ಕ ಬಾಗಿಲಲ್ಲಿ ನಿಂತಿದ್ದರು. ತಮ್ಮ ಕಾಲಿಗೆ ಬೀಳಲು ಬಗ್ಗಿದರೆ, “ಮೊದಲ ಅಪ್ಪೋರ ಪಾದಕ್ಕ ನೀರು ಕೊಡೋಣು, ಸರಿ” ಎಂದು ಅವರನ್ನು ಪಕ್ಕಕ್ಕೆ ಸರಿಸಿದರು. ನಮ್ಮ ಪಾದಕ್ಕೆ ನೀರು ಕೊಡುವುದು ಬರಿಯ ನೆಪ. ಆ ತಾಯಿಗೆ ಕಣ್ಣೊರಸಿಕೊಳ್ಳುವುದಕ್ಕೆ ಅಷ್ಟು ಹೊತ್ತು ಬೇಕಾಗಿತ್ತು.

ಮರುದಿನ ಬೆಳಿಗ್ಗೆ ಎಲ್ಲರೂ ದಂಡೆಗೆ ಹೋದೆವು. ಆ ತಾಯಿ ಹಳೆಯ ಊರಿನ ಅಗಸಿ ಇದ್ದ ಕಡೆಯಿಂದಲೇ ಒಳಗೆ ಹೋಗಬೇಕೆಂದು ಹಟ ಹಿಡಿದರು. ಅಡ್ಡದಾರಿಯಿಂದ ಹೋದರೆ ತನಗೆ ಊರು ತಿಳಿಯುವುದಿಲ್ಲವಂತೆ. ಅಲ್ಲಿಂದ ಕೋಲೂರಿಕೊಂಡು ಒಂದೊಂದೇ ಮನೆಯ ಹೆಸರು ಹೇಳುತ್ತ ನಡೆದರು. ಇದು ಗಾಣಿಗೇರದು, ಇವರು ಒಮ್ಮೆ ಮೂರು ತಿಂಗಳು ನಮಗ ಎಣ್ಣಿ ಉದ್ರಿ ಕೊಟ್ಟಾರ. ಇದು ಪಿಂಜಾರರದು, ಅಜ್ಜಿ ಜಡ್ಡಿಗೆ ಬಿದ್ದಾಗ ಇವರ ಹೆಣ್ಮಗಳು ರಾತ್ರಿ ನನ್ನ ಜೋಡಿ ಮಲಗಾಕ ಬರತಿದ್ದಳು. ಇದು ಕುಂಬಾರರ ಮುದುಕನದು. ಹುಡುಗನ ಪಟ್ಟಿಯಲ್ಲಿ ಏಳು ತಲೆಮಾರಿನ ಹೆಸರಿದ್ದವು. ಇವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಅವನು ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ಹಿಂದೆ ಬಿದ್ದ.

ಒಂದು ಕಡೆ ನಿಂತು ಕೋಲಿನಿಂದ ಹೂಳನ್ನು ಕೆದರಿದರು. ಆಮೇಲೆ ಕುಳಿತು ಕೈಯಿಂದಲೇ ತೆಗೆಯತೊಡಗಿದರು. ಕೆಳಗೆ ಒಳಕಲ್ಲು! ಒಳಕಲ್ಲನ್ನು ನೆಲದಲ್ಲಿ ಹೂತಿರುತ್ತಾರೆ, ಮನೆ ಬಿಟ್ಟು ಹೋಗುವವರು ಅದನ್ನು ಕಿತ್ತುಕೊಂಡು ಹೋಗುವುದು ಕಡಿಮೆ. ಮದುವೆಯಲ್ಲಿ ಅದಕ್ಕೆ ಪೂಜೆ ಮಾಡುತ್ತೇವೆ. ಈ ಒಳಕಲ್ಲಿನ ಬಾಯಿ ಒಂದು ಮಗ್ಗುಲಿಗೆ ಸವೆದಿತ್ತು. “ನಾನು ಎಡಚಿ ಅದೀನಿ, ಕುಟ್ಟಿ ಕುಟ್ಟಿ ಹಿಂಗಾತು. ಅಜ್ಜಿ ಬೈತಿದ್ದಳು” ಎಂದರು. ನಾವು ಶಾಸ್ತ್ರ ಓದಿದವರು, ಪ್ರಮಾಣಗಳ ಲಕ್ಷಣ ಬಲ್ಲವರು. ಇಂಥ ಪ್ರಮಾಣವನ್ನು ಯಾವ ಗ್ರಂಥದಲ್ಲಿಯೂ ಓದಿರಲಿಲ್ಲ. ದೀಪವನ್ನು ಅಲ್ಲಿಯೇ ಹಚ್ಚಿದರು. ಗಾಳಿಗೆ ಎರಡು ಸಲ ಆರಿತು.

ತಮ್ಮ ಒಂದು ಲಕೋಟೆ ತಂದಿದ್ದರು. ಅದನ್ನು ಹೊರತೆಗೆದಾಗ ಆ ತಾಯಿ ಹೇಳಿದ್ದು ಇಷ್ಟು: “ರೊಕ್ಕದ ಮಾತು ಹಿಂದಾಗಡೆ. ಹೆಳವಾ ಬಂದಾಗ ನನ್ನ ಹೆಸರು ಬರಸು. ನಿನ್ನ ಮ್ಯಾಲೆ ಬರಸು, ನಾ ನಿನಗಿಂತ ಹಿರ್ಯಾಕಿ.”

ಹಣದ ವಿಷಯ ಏನಾಯಿತು ಎಂದು ನೀವು ಕೇಳುವಿರಿ. ಇನ್ನೂ ಮುಗಿದಿಲ್ಲ. ಅಕ್ಕನ ಮಕ್ಕಳು ಒಂದು ಹೇಳುತ್ತಾರೆ, ತಮ್ಮನ ಮನೆಯವರು ಇನ್ನೊಂದು ಹೇಳುತ್ತಾರೆ. ಒಂದು ದೀಪ ಹಚ್ಚಿದ ಮಾತ್ರಕ್ಕೆ ಮೂವತ್ತು ವರ್ಷದ ಲೆಕ್ಕ ತೀರಿತೆಂದು ನಾವು ಈ ಪೀಠದ ಮೇಲೆ ಕುಳಿತು ಸುಳ್ಳು ಹೇಳಲಾರೆವು. ಹೆಸರಿನ ವಿಷಯ ಮಾತ್ರ ಮುಗಿಯುವ ಹಂತಕ್ಕೆ ಬಂದಿದೆ. ಹೆಳವನನ್ನು ನಾವೇ ಕೇಳಿದೆವು, ಹೆಣ್ಣುಮಗಳ ಹೆಸರು ಬರೆಯುವೆಯಾ ಎಂದು. “ಯಾಕ ಬರೀಬಾರದ್ರಿ ಅಪ್ಪೋರ? ಬರಸವರು ಬೇಕು. ಆ ಹೆಸರಿಗೂ ಒಂದು ಕಾಣಿಕಿ ಆಕ್ಕೈತಿ” ಎಂದ. ವ್ಯವಹಾರಸ್ಥ! ಆದರೆ ಅವನ ಮಾತು ನಮ್ಮನ್ನು ಚುಚ್ಚಿತು. ಬರೆಯುವವನು ಬೇಡವೆಂದಿರಲಿಲ್ಲ, ಬರೆಸುವವರು ಇರಲಿಲ್ಲ.

ನಮ್ಮನ್ನು ಒಂಬತ್ತನೆಯ ವಯಸ್ಸಿನಲ್ಲಿ ಈ ಮಠಕ್ಕೆ ಕೊಟ್ಟರು. ಪೂರ್ವಾಶ್ರಮದ ಮಾತು ಆಡುವುದು ನಮಗೆ ಸಲ್ಲದು, ಆಡುವುದಿಲ್ಲ. ಆದರೆ ಮಠದ ಗುರುಪರಂಪರೆಯ ಪಟ್ಟಿಯನ್ನು ಎಷ್ಟೋ ಸಲ ಓದಿದ್ದ ನಾವು, ಆ ಊರಿನಿಂದ ಬಂದ ರಾತ್ರಿ ಅದನ್ನು ಮತ್ತೆ ತೆರೆದು ನೋಡಿದೆವು. ಹೆಸರಿನ ಕೆಳಗೆ ಹೆಸರು, ಕೋಲಿನಂತೆ ನೇರವಾಗಿದೆ. ಪ್ರತಿಯೊಂದು ಹೆಸರನ್ನೂ ಒಬ್ಬ ತಾಯಿ ಮಡಿಲಿನಿಂದ ಇಳಿಸಿ ಕಳಿಸಿದ್ದಾಳೆ. ಒಬ್ಬಳ ಹೆಸರೂ ಅಲ್ಲಿಲ್ಲ. ಮುಂದಿನ ಮುದ್ರಣದಲ್ಲಿ ತಿಳಿದಷ್ಟನ್ನು ಸೇರಿಸಬೇಕೆಂದು ಹೇಳಿದ್ದೇವೆ. ಸಂಪ್ರದಾಯವಿಲ್ಲವೆಂದು ಕೆಲವರು ಆಕ್ಷೇಪಿಸಿದ್ದಾರೆ. ನೋಡೋಣ.

ಈಗ ಹೊರಡಬೇಕೆಂದಿರುವವರಿಗೆ ಎರಡು ಮಾತು. ಇನ್ನೂ ಮುಳುಗದ ಓಣಿಗಳಿವೆ. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಅದು ಯಾವಾಗ ಆಗುವುದೋ ಆಗಲಿ, ಅಲ್ಲಿಯವರೆಗೆ ಕಾಯಬೇಡಿರಿ. ನಿಮ್ಮ ಓಣಿ ಒಣನೆಲದ ಮೇಲಿರುವಾಗಲೇ ಒಬ್ಬ ಮುದುಕಿಯನ್ನು ಮುಂದೆ ಮಾಡಿಕೊಂಡು ಅಗಸಿಯಿಂದ ಒಂದು ಸಲ ನಡೆಯಿರಿ, ಮನೆ ಮನೆಯ ಹೆಸರು ಬರೆದುಕೊಳ್ಳಿರಿ. ಮುಳುಗಿದ ಊರಿಗೆ ಹೋಗುವವರು ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ ಹೋಗಬೇಕು. ಮುಂಗಾರು ಹಿಡಿದ ಮೇಲೆ ಹೋದರೆ ನೀರು ನೋಡಿ ಬರಬೇಕಾದೀತು. ಒಂದೊಂದು ವರ್ಷ ನೀರು ಅಷ್ಟು ಇಳಿಯುವುದೇ ಇಲ್ಲ, ಮೊದಲೇ ಅಲ್ಲಿಯ ಮೀನುಗಾರರನ್ನು ವಿಚಾರಿಸಿರಿ. ಹೂಳು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ಹಳೆಯ ಬಾವಿ, ಹಗೇವುಗಳ ಬಾಯಿ ಮುಚ್ಚಿಕೊಂಡಿರುತ್ತವೆ, ಕಾಣುವುದಿಲ್ಲ. ಊರಿನವರಿಲ್ಲದೆ ಕಾಲಿಡಬೇಡಿರಿ. ನೆನಪಿಗೆಂದು ಅಲ್ಲಿಯ ಕಲ್ಲನ್ನು ಹೊತ್ತು ತರುವವರಿದ್ದಾರೆ, ಅದು ಬೇಡ. ಆ ಕಲ್ಲನ್ನು ನೋಡಿಯೇ ಇನ್ನೊಬ್ಬರು ತಮ್ಮ ಮನೆಯನ್ನು ಗುರುತಿಸಬೇಕಾಗಿರುತ್ತದೆ. ಹೊರಡುವ ಮೊದಲು ಮನೆಯಲ್ಲಿ ಒಂದು ಸಲ ಕೇಳಿರಿ: ನಮ್ಮ ಕಾಗದದಲ್ಲಿ ಯಾರ ಹೆಸರು ಬಿಟ್ಟುಹೋಗಿದೆ? ಮೊದಲು ಅವರ ಮನೆಗೆ ಹೋಗಿ, ಆಮೇಲೆ ನದಿಗೆ ಹೋಗಿರಿ.

ಮುಂದಿನ ಸಾಲಿನಲ್ಲಿರುವ ಹುಡುಗನೇ, ನಿನ್ನ ಕಾಕಾನನ್ನು ಒಂದು ದಿನ ಮಠಕ್ಕೆ ಕರೆದುಕೊಂಡು ಬಾ. ಬರುವಾಗ ಅವನು ಬರೆದದ್ದನ್ನು ತರಲಿ, ನಿನ್ನ ಅಜ್ಜಿಯೂ ಬರಲಿ. ಅಜ್ಜಿಗೆ ಕಣ್ಣು ಕಾಣದಿದ್ದರೆ ನೀನು ಓದಿ ಹೇಳು. ಎಲ್ಲಿ ತಡೆದು ‘ಇಲ್ಲೊಬ್ಬರು ಇದ್ದರಲ್ಲ’ ಎನ್ನುತ್ತಾರೋ ಅಲ್ಲಿ ಪೆನ್ನು ತೆಗೆ.

ಹೊತ್ತಾಯಿತು. ದಾಸೋಹದಲ್ಲಿ ಎಲೆ ಹಾಕಿದ್ದಾರೆ, ಇಂದಿಗೆ ಇಷ್ಟು ಸಾಕು. ನಾಳೆ ಬಿಟ್ಟ ಸ್ಥಲದಿಂದಲೇ ಮುಂದುವರಿಸೋಣ.